ಮರುನೀರು ಕುಡಿದ ಚೂರು

ಒಣಗಿದ್ದು ನೀರು ಕುಡಿದು ಮೊದಲಿನಂತಾದರೆ ಯಾರಿಗಾದರೂ ಸಂತೋಷವೇ. ಆದರೆ ಕುಡಿಯುತ್ತ ಕುಡಿಯುತ್ತ ಅದು ಮೊದಲಿನದಕ್ಕಿಂತಲೂ ಹಿಂದಕ್ಕೆ ಹೋಗತೊಡಗಿದರೆ ಏನು ಮಾಡುವುದು? ಇಂಥ ಪ್ರಶ್ನೆ ದೊಡ್ಡ ದೊಡ್ಡ ವಿಜ್ಞಾನಿಗಳಿಗೆ ಬಂದಿದ್ದರೆ ಅವರು ಸಭೆ ಸೇರಿಸಿ, ಚಹಾ ಕುಡಿದು, ಮುಂದಿನ ವರ್ಷಕ್ಕೆ ಹಾಕುತ್ತಿದ್ದರು. ಅದು ಬಂದದ್ದು ಗದಗಿನ ಕಡೆಯ ಒಂದು ಆಸ್ಪತ್ರೆಯ ಹಿಂದಿನ ಕೋಣೆಯಲ್ಲಿ ಮೇಣ ಕರಗಿಸುತ್ತ ಕೂತಿದ್ದ ದಾಕ್ಷಾಯಿಣಿ ಕುಂಬಾರ ಎಂಬ ನಲವತ್ತೆಂಟು ವರ್ಷದ ಹೆಣ್ಣುಮಗಳಿಗೆ. ಅವಳಿಗೆ ಅದನ್ನು ಮುಂದೆ ಹಾಕಲು ಬರುವಂತಿರಲಿಲ್ಲ. ಪ್ರಶ್ನೆ ಅವಳ ಕಣ್ಣೆದುರೇ ಗಾಜಿನ ಬಟ್ಟಲಲ್ಲಿ ತೇಲುತ್ತಿತ್ತು.

ದಾಕ್ಷಾಯಿಣಿಯ ಕೆಲಸ ಏನೆಂದು ಅವಳ ಮನೆಯವರಿಗೇ ಹತ್ತು ವರ್ಷ ಸರಿಯಾಗಿ ತಿಳಿದಿರಲಿಲ್ಲ. ಡಾಕ್ಟರು ರೋಗಿಯ ಮೈಯಿಂದ ಕೊಯ್ದು ಕಳಿಸಿದ ಚೂರು ಸೀಸೆಯಲ್ಲಿ ಅವಳ ಮೇಜಿಗೆ ಬರುತ್ತದೆ. ಅದು ಮೊದಲು ಫಾರ್ಮಲಿನ್ನಿನಲ್ಲಿ ಕೂತು, ಕೊಳೆಯದಂತೆ ಗಟ್ಟಿಯಾಗಬೇಕು. ಆಮೇಲೆ ಸ್ಪಿರಿಟ್ಟಿನ ಪಾತ್ರೆಯಿಂದ ಪಾತ್ರೆಗೆ ಇಳಿದು ಮೈಯೊಳಗಿನ ನೀರನ್ನೆಲ್ಲ ಬಿಟ್ಟು, ನೀರಿದ್ದ ಜಾಗದಲ್ಲಿ ಮೇಣ ತುಂಬಿಕೊಳ್ಳಬೇಕು. ಆ ಮೇಣದ ಗಟ್ಟಿಯನ್ನು ಬ್ಲೇಡಿನ ಯಂತ್ರಕ್ಕೆ ಸಿಕ್ಕಿಸಿ, ಉಳ್ಳಾಗಡ್ಡಿಯ ಪೊರೆಗಿಂತ ತೆಳ್ಳಗೆ ಹೆರೆದು, ಬೆಚ್ಚನೆಯ ನೀರಿನ ಮೇಲೆ ತೇಲಿಬಿಟ್ಟು, ಗಾಜಿನ ಮೇಲೆ ಎತ್ತಿಕೊಂಡು, ಕೆಂಪು ನೀಲಿ ಬಣ್ಣ ಕುಡಿಸಿದರೆ ಸ್ಲೈಡು ತಯಾರು. ಡಾಕ್ಟರು ಅದನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಇಂಥ ರೋಗ ಎಂದು ಬರೆಯುತ್ತಾರೆ. ರೋಗಿಗೆ ಕೊಯ್ದವರ ಹೆಸರು ಗೊತ್ತಿರುತ್ತದೆ, ಬರೆದವರ ಹೆಸರು ಗೊತ್ತಿರುತ್ತದೆ, ನಡುವೆ ಮೇಣದಲ್ಲಿ ಬೆರಳು ಸುಟ್ಟುಕೊಂಡವಳ ಹೆಸರು ಯಾರಿಗೂ ಬೇಕಾಗುವುದಿಲ್ಲ. ಅದಕ್ಕಾಗಿ ಅವಳಿಗೆ ಬೇಸರವೇನೂ ಇರಲಿಲ್ಲ.

ಚೂರುಗಳನ್ನು ಪಾತ್ರೆಯಿಂದ ಪಾತ್ರೆಗೆ ದಾಟಿಸಲು ಒಂದು ಗುಂಡನೆಯ ಯಂತ್ರವಿತ್ತು. ಸುತ್ತಲೂ ಹನ್ನೆರಡು ಪಾತ್ರೆ, ಮೇಲೊಂದು ಮುಚ್ಚಳ, ಮುಚ್ಚಳದಿಂದ ಇಳಿಬಿದ್ದ ತಂತಿಯ ಬುಟ್ಟಿ. ಹೊತ್ತಿಗೆ ಸರಿಯಾಗಿ ಬುಟ್ಟಿ ತಾನಾಗಿಯೇ ಒಂದು ಪಾತ್ರೆಯಿಂದ ಎದ್ದು ಇನ್ನೊಂದರಲ್ಲಿ ಇಳಿಯುವುದು. ದಾಕ್ಷಾಯಿಣಿ ಅದಕ್ಕೆ ತಿರುಗಣಿ ಎಂದು ಹೆಸರಿಟ್ಟಿದ್ದಳು. ಆಯುಧಪೂಜೆಯನ್ನು ಆ ಕಡೆ ಖಂಡೆಪೂಜೆ ಎನ್ನುತ್ತಾರೆ. ವರ್ಷವೆಲ್ಲ ದುಡಿದ ಕುಡುಗೋಲು, ಹೊಲಿಗೆಯಂತ್ರ, ಲಾರಿ ಎಲ್ಲಕ್ಕೂ ಅವತ್ತು ಸ್ನಾನ, ವಿಭೂತಿ, ಹೂವು. ಪಕ್ಕದ ಕೋಣೆಯ ರಕ್ತಪರೀಕ್ಷೆಯವರು ತಮ್ಮ ಯಂತ್ರಕ್ಕೆ ಹೂವು ಏರಿಸಿ, ಕೈಮುಗಿದು, ಮತ್ತೆ ಕೆಲಸಕ್ಕೆ ಹಚ್ಚಿಬಿಡುವರು. ದಾಕ್ಷಾಯಿಣಿಗೆ ಅದು ಸರಿಬರುತ್ತಿರಲಿಲ್ಲ. ಪೂಜೆ ಮಾಡಿದ ಮೇಲೆ ಯಂತ್ರಕ್ಕೂ ಒಂದು ದಿನ ಉಸಿರು ಬಿಡಲು ಬಿಡಬೇಡವೇ ಎಂದು ವಾದಿಸಿ, ಹಿಂದಿನ ದಿನವೇ ಕೆಲಸ ಮುಗಿಸಿ, ಹಬ್ಬದ ದಿನ ಪ್ಲಗ್ ಕಿತ್ತು, ಮುಚ್ಚಳಕ್ಕೆ ಚೆಂಡುಹೂವಿನ ಮಾಲೆ ಹಾಕಿ ಮನೆಗೆ ಹೋಗುವಳು. ಹತ್ತೊಂಬತ್ತು ವರ್ಷ ಹೀಗೆಯೇ ನಡೆದಿತ್ತು.

ಆ ವರ್ಷ ಹಬ್ಬ ಶುಕ್ರವಾರ ಬಂತು. ದಾಕ್ಷಾಯಿಣಿ ಹೂವು ತರಲು ಹೋಗಿದ್ದಾಗ ವಿಭಾಗದ ಮುಖ್ಯಸ್ಥರಾದ ಡಾಕ್ಟರ್ ಅಂದಾನಪ್ಪ ಹೊಂಬಳ ಅವಸರದ ಒಂದು ಚೂರನ್ನು ತಾವೇ ತಿರುಗಣಿಯ ಬುಟ್ಟಿಗೆ ಹಾಕಿ, ಗುಂಡಿ ಒತ್ತಿ, ಹೇಳುವುದನ್ನು ಮರೆತು ಹೋದರು. ಅವಳು ಬಂದವಳು ಯಂತ್ರ ಖಾಲಿಯೆಂದೇ ತಿಳಿದಳು. ಅದು ಗುಂಯ್‌ಗುಡುತ್ತಿದ್ದದ್ದು ಪಕ್ಕದ ಕೋಣೆಯ ಗಂಟೆಯ ಸದ್ದಿನಲ್ಲಿ ಕೇಳಿಸಲಿಲ್ಲ. ಪೂಜೆ ಮಾಡಿದಳು, ಪ್ಲಗ್ ಕಿತ್ತಳು. ಬುಟ್ಟಿ ಒಂದು ಪಾತ್ರೆಯಿಂದ ಎದ್ದು ಇನ್ನೊಂದಕ್ಕೆ ಇಳಿಯುವ ನಡುವಿನ ಅರ್ಧ ನಿಮಿಷ ಅದು. ಬುಟ್ಟಿ ಗಾಳಿಯಲ್ಲೇ ನಿಂತುಬಿಟ್ಟಿತು. ಶನಿವಾರ ದಸರೆ, ಊರೆಲ್ಲ ಬನ್ನಿ ಎಲೆ ಹಂಚಿ ಬಂಗಾರದ ಮಾತಾಡಿತು. ಆದಿತ್ಯವಾರ ರಜೆ. ಮಾಲೆ ಹಾಕಿದ ಮುಚ್ಚಳವನ್ನು ಯಾರೂ ತೆಗೆದು ನೋಡಲಿಲ್ಲ.

ಸೋಮವಾರ ಮುಂಜಾನೆ ಬಾಡಿದ ಮಾಲೆ ತೆಗೆದು ದಾಕ್ಷಾಯಿಣಿ ಮುಚ್ಚಳ ಎತ್ತಿದಳು. ಬುಟ್ಟಿಯಲ್ಲಿ ಒಂದೇ ಒಂದು ಡಬ್ಬಿ, ಡಬ್ಬಿಯೊಳಗೆ ಒಣಗಿದ ಕರಿಬೇವಿನ ತುದಿಯಷ್ಟು ಏನೋ ಕಪ್ಪಗೆ ಮುರುಟಿಕೊಂಡು ಬಿದ್ದಿತ್ತು. ಚೀಟಿಯಲ್ಲಿ ಹೆಸರು ಓದಿದಳು. ಜೈಬುನ್ನಿಸಾ ನದಾಫ, ಐವತ್ತೆರಡು ವರ್ಷ, ಗಂಟಲಿನ ಧ್ವನಿತಂತು.

ಆ ಹೆಸರು ಗೊತ್ತಿಲ್ಲದವರು ಊರಲ್ಲಿ ಇದ್ದಾರು, ಆ ದನಿ ಗೊತ್ತಿಲ್ಲದವರು ಇರಲಿಕ್ಕಿಲ್ಲ. ಇಪ್ಪತ್ತಾರು ವರ್ಷದಿಂದ ಬಸ್‌ಸ್ಟ್ಯಾಂಡಿನಲ್ಲಿ ಲಕ್ಷ್ಮೇಶ್ವರದ ಬಸ್ಸು ಎಷ್ಟನೇ ಕಟ್ಟೆಗೆ ಬರುತ್ತದೆ, ರೋಣದ ಬಸ್ಸು ಯಾಕೆ ತಡವಾಯಿತು ಎಂದು ಹೇಳುತ್ತ ಬಂದವಳು ಅವಳು. ದಾಕ್ಷಾಯಿಣಿಯ ಗಂಡ ಫಕ್ಕೀರಪ್ಪ ಕಂಡಕ್ಟರು. ಅವನು ಮನೆಗೆ ಬರುವುದು ಹೋಗುವುದು ಆ ದನಿಯ ಮೇಲೆ. ಹೋದ ದೀಪಾವಳಿಯ ಹೊತ್ತಿಗೆ ದನಿ ಒಡೆಯತೊಡಗಿತ್ತು. ಈಗ ಕೊಯ್ದಿದ್ದಾರೆ, ತಿಂಗಳು ಮಾತಾಡಬಾರದೆಂದು ಕೂರಿಸಿದ್ದಾರೆ ಎಂದು ಅವನೇ ಹೇಳಿದ್ದ.

ಡಾಕ್ಟರು ಬಂದು ಡಬ್ಬಿ ನೋಡಿ ತಲೆಯ ಮೇಲೆ ಕೈಯಿಟ್ಟುಕೊಂಡರು. ಕರೆಂಟ್ ಹೋಗಿತ್ತೇನೋ ಎಂದರು. ದಾಕ್ಷಾಯಿಣಿ ಹೂಂ ಎಂದಳು. ಬಾಯಿಗೆ ಬಂದದ್ದು ಅಷ್ಟೇ, ಆ ಒಂದಕ್ಷರವನ್ನು ವಾಪಸು ನುಂಗಲು ಆಮೇಲೆ ಆಗಲೇ ಇಲ್ಲ. ಡಾಕ್ಟರು ಗಂಟಲಿನ ಸರ್ಜನ್ನರಿಗೆ ಫೋನ್ ಮಾಡಿದರು. ಇನ್ನೊಂದು ಚೂರು ಸಿಗುವಂತಿರಲಿಲ್ಲ. ತಂತುವಿನ ಮೇಲೆ ಒರಟಾಗಿದ್ದ ಜಾಗವನ್ನೆಲ್ಲ ಅವರು ಕೆರೆದು ತೆಗೆದಿದ್ದರು. ಇನ್ನು ತೆಗೆಯುವುದೆಂದರೆ ತಂತುವನ್ನೇ ತೆಗೆಯಬೇಕು, ದನಿ ಅದರ ಜೊತೆಗೇ ಹೋಗುತ್ತದೆ. ಅಲ್ಲಿ ಕೆಟ್ಟ ರೋಗವಿದ್ದು ಸುಮ್ಮನೆ ಬಿಟ್ಟರೆ ಮೂರು ನಾಲ್ಕು ತಿಂಗಳಲ್ಲಿ ಕುತ್ತಿಗೆಗೆ ಇಳಿಯುತ್ತದೆ, ಆಮೇಲೆ ಜೀವಕ್ಕೇ ಸಂಚಕಾರ. ಇದೆಯೋ ಇಲ್ಲವೋ ಎಂದು ಹೇಳಬೇಕಾದದ್ದು ಆ ಮುರುಟಿದ ಚೂರು.

ಒಣಗಿದ ಚೂರುಗಳನ್ನು ಮೆತ್ತಗೆ ಮಾಡುವುದು ಅವರಿಗೆ ಹೊಸದಲ್ಲ. ಸೋಡಾ, ಸ್ಪಿರಿಟ್, ಫಾರ್ಮಲಿನ್ ಬೆರೆಸಿದ ನೀರಲ್ಲಿ ನೆನೆಸಿದರೆ ಹೆಬ್ಬೆರಳಿನಷ್ಟು ದೊಡ್ಡ ತುಂಡುಗಳು ಸುಮಾರಾಗಿ ಸುಧಾರಿಸುತ್ತವೆ. ಇಷ್ಟು ಸಣ್ಣದು ಅದರಲ್ಲಿ ಉದುರಿ ಪುಡಿಯಾಗುವುದೆಂದು ಇಬ್ಬರಿಗೂ ಗೊತ್ತಿತ್ತು. ಡಾಕ್ಟರು ಬೀರುವಿನ ಬೀಗ ತೆಗೆದು, ಹಸಿರು ಛಾಯೆಯ ಒಂದು ಸೀಸೆ ತಂದು ಮೇಜಿನ ಮೇಲಿಟ್ಟರು.

ಅದು ಮರುನೀರು, ಡಾಕ್ಟರ ಹನ್ನೊಂದು ವರ್ಷದ ಹುಚ್ಚು. ಕಪ್ಪತಗುಡ್ಡದ ಬಂಡೆಗಳ ಮೇಲೆ ಬೇಸಿಗೆಯೆಲ್ಲ ಸುಟ್ಟ ಹಗ್ಗದಂತೆ ಬಿದ್ದಿದ್ದು, ಮೊದಲ ಮಳೆಗೆ ಒಂದು ತಾಸಿನಲ್ಲಿ ಹಸಿರಾಗುವ ಸಣ್ಣ ಸೊಪ್ಪೊಂದಿದೆ. ಕುರಿ ಕಾಯುವವರು ಅದನ್ನು ಸತ್ತೆದ್ದ ಸೊಪ್ಪು ಎನ್ನುತ್ತಾರೆ. ಅದರ ರಸಕ್ಕೆ ಒಂದು ಬಗೆಯ ಸಕ್ಕರೆ ಸೇರಿಸಿ ಅವರು ಈ ನೀರನ್ನು ಮಾಡಿದ್ದರು. ಒಣಗಿದ ಆಡಿನ ಪಿತ್ತಜನಕಾಂಗದ ತುಂಡನ್ನು ಅದರಲ್ಲಿ ಹಾಕಿದರೆ ತಾಸಿನೊಳಗೆ ಆಗತಾನೆ ಕೊಯ್ದಂತಾಯಿತು. ಇಲ್ಲಿಯವರೆಗೆ ಎಲ್ಲ ಸರಿಯೇ ಇತ್ತು. ಒಂದು ದಿನ ಊಟಕ್ಕೆ ಹೋದವರು ತುಂಡನ್ನು ಮರೆತರು. ಬಂದು ನೋಡಿದರೆ ಮುದಿ ಆಡಿನ ತುಂಡು ಎಳೆ ಮರಿಯದಾಗಿತ್ತು. ಸೀರೆ ಬಿಚ್ಚಿದ ಮೇಲೂ ಮಡಿಕೆಯ ಗೆರೆ ಉಳಿಯುವಂತೆ, ಜೀವಕೋಶ ತಾನು ಹಿಂದೆ ತಾಳಿದ್ದ ಒಂದೊಂದು ರೂಪದ ಗುರುತನ್ನೂ ಉಳಿಸಿಕೊಂಡಿರುತ್ತದಂತೆ. ಮರುನೀರು ಆ ಗೆರೆ ಹಿಡಿದು ಹಿಂದಕ್ಕೆ ನಡೆಸುತ್ತದೆ. ಮೊದಲ ತಾಸಿನಲ್ಲಿ ಕೊಯ್ದ ದಿನಕ್ಕೆ ಬರುತ್ತದೆ, ಅಲ್ಲಿಂದ ಮುಂದೆ ಹತ್ತು ನಿಮಿಷಕ್ಕೆ ಒಂದು ತಿಂಗಳಂತೆ ಹಿಂದೆ ಸರಿಯುತ್ತದೆ. ಕೊಯ್ದ ಚೂರಿನ ಮೇಲಷ್ಟೇ ಇದರ ಆಟ. ಜೀವಂತ ಮೈಗೆ ಹಚ್ಚಿದರೆ ಬರೀ ತುರಿಕೆ. ಡಾಕ್ಟರು ತಮ್ಮ ಕೈಗೇ ಹಚ್ಚಿಕೊಂಡು, ವಾರವೆಲ್ಲ ಕೆರೆದುಕೊಂಡು ತಿಳಿದದ್ದು ಅದು. ಮನುಷ್ಯರ ಚೂರನ್ನು ಇನ್ನೂ ಅದರಲ್ಲಿ ಇಳಿಸಿರಲಿಲ್ಲ.

ಅಂದಾನಪ್ಪನವರು ತಾವೇ ಕೂರುವವರಿದ್ದರು. ಅಷ್ಟರಲ್ಲಿ ಶವಪರೀಕ್ಷೆಗೆ ಕರೆ ಬಂತು, ಪೊಲೀಸರು ಹೊರಗೆ ಕಾದು ನಿಂತಿದ್ದರು. ಹೋಗುವಾಗ ಅವರು ಒಂದೊಂದೇ ಮಾತನ್ನು ಬಿಡಿಸಿ ಹೇಳಿದರು.

"ಒಂದು ತಾಸು ದಾಕ್ಷಾಯಿಣಿ, ಹೆಚ್ಚಿಗಿ ಬ್ಯಾಡ. ರೋಗ ಇದ್ರ ಅಂಚಿನಾಗ ಇರತೈತಿ. ಅಂಚು ಮೆತ್ತಗಾತಂದ್ರ ಸಾಕು, ನಡುವ ಗಟ್ಟಿ ಇದ್ರೂ ತಗದು ಫಾರ್ಮಲಿನ್‌ಗೆ ಹಾಕಿಬಿಡ್ರಿ. ಅಲ್ಲಿಗೆ ಅದು ನಿಲ್ಲತೈತಿ."

ಅವಳು ಬಟ್ಟಲನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು, ಇಕ್ಕಳವನ್ನು ಬಲಗೈಯಲ್ಲೇ ಹಿಡಿದು, ಗೋಡೆಯ ಗಡಿಯಾರ ನೋಡಿ ಚೂರನ್ನು ಇಳಿಬಿಟ್ಟಳು. ಹನ್ನೊಂದಕ್ಕೆ ಐದು ನಿಮಿಷವಿತ್ತು.

ಮೊದಲು ಅರ್ಧ ತಾಸು ಏನೂ ಆಗಲಿಲ್ಲ. ಆಮೇಲೆ ಅಂಚು ಬಿಚ್ಚತೊಡಗಿತು. ಮರುನೀರು ಮುಟ್ಟಿದ ಕೋಶಗಳ ಸುತ್ತ ತಾನಾಗಿಯೇ ತಿಳಿಹಸಿರು ಗೆರೆ ಮೂಡುತ್ತದೆ, ಬೇರೆ ಬಣ್ಣ ಬೇಕಿಲ್ಲ. ಹನ್ನೆರಡಕ್ಕೆ ಐದು ನಿಮಿಷವಿರುವಾಗ ಅವಳಿಗೆ ಅವು ಕಂಡವು. ಇಪ್ಪತ್ತು ವರ್ಷ ಸ್ಲೈಡು ಮಾಡಿದವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ದಪ್ಪ ತಲೆಯ, ಕಪ್ಪು ನಡುವಿನ, ಸಾಲು ತಪ್ಪಿದ ಕೋಶಗಳು, ಹಬ್ಬದ ಹಿಂದಿನ ದಿನ ಬಸ್ಸಿನ ಬಾಗಿಲಿಗೆ ಮುಗಿಬಿದ್ದ ಜನರ ಹಾಗೆ ಒಂದರ ಮೇಲೊಂದು ಏರಿಕೊಂಡಿದ್ದವು. ರೋಗವಿತ್ತು. ಪಾಪ ಜೈಬುನಕ್ಕ ಎಂದುಕೊಂಡು ಅವಳು ಇಕ್ಕಳವನ್ನು ಬಟ್ಟಲಿಗೆ ತಂದಳು.

ತಂದ ಕೈ ಅಲ್ಲೇ ನಿಂತಿತು. ಮುಗಿಬಿದ್ದವುಗಳಲ್ಲಿ ಒಂದು ಕೋಶ ಮೆಲ್ಲಗೆ ಹಿಂದೆ ಸರಿದು ಕೂತದ್ದನ್ನು ಅವಳು ಕಂಡಳು. ಅದರ ನಡುವಿನ ಕಪ್ಪು ತಿಳಿಯಾಯಿತು, ತಲೆ ಸಣ್ಣದಾಯಿತು. ಆಮೇಲೆ ಅದರ ಮಗ್ಗುಲಿನದು. ಇನ್ನು ಸ್ವಲ್ಪ ಹೊತ್ತು ನೋಡೋಣ, ಇನ್ನು ಸ್ವಲ್ಪವೇ ಹೊತ್ತು ಎಂದುಕೊಂಡಳು. ಕೊಯ್ದ ಚೂರಿಗೆ ಗುಣವಾದರೆ ಗಂಟಲಿಗೆ ಗುಣವಾಗುವುದಿಲ್ಲ ಎಂಬುದು ಅವಳಿಗೆ ಗೊತ್ತಿಲ್ಲದ್ದೇನಲ್ಲ. ಆದರೂ ನೋಡುತ್ತ ಕೂತವಳಿಗೆ ಅದು ಚೂರು ಎಂಬುದೇ ಮರೆಯಿತು. ಯಾರೋ ಒಳಗಿನಿಂದ ಒಂದೊಂದನ್ನೂ ಹೆಸರು ಹಿಡಿದು ಕರೆದು ಅದರದರ ಜಾಗದಲ್ಲಿ ಕೂರಿಸುತ್ತಿದ್ದರು. ಸಾಲಾದವು, ಸಾಲಿನ ಮೇಲೆ ಸಾಲಾದವು. ಹಸಿರು ಗೆರೆಗಳ ನಡುವೆ ಬೆಳಕು ಬಂತು. ಒಂದು ಕಡೆ ಹಳೆಯ ಉರಿಯೂತದ ಕೆಂಪು ಏರಿ, ಇಳಿದು, ಮಾಯವಾಯಿತು. ಅದು ಯಾವುದೋ ಚಳಿಗಾಲದ ಕೆಮ್ಮಾಗಿದ್ದೀತು. ಅವಳಿಗೆ ಹಸಿವಾಗಲಿಲ್ಲ, ಕಣ್ಣು ನೋಯಲಿಲ್ಲ. ಹೊರಗೆ ವಾರ್ಡಿನ ಗಲಾಟೆ ದೂರದ ಊರಿನದೆಂಬಂತೆ ಕೇಳಿಸುತ್ತಿತ್ತು. ತಾನು ಪ್ಲಗ್ ಕಿತ್ತದ್ದೂ ಆಗಿರಲೇ ಇಲ್ಲವೆನ್ನುವಷ್ಟು ಹಿಂದಕ್ಕೆ ಹೋಗಿಬಿಟ್ಟರೆ ಎಷ್ಟು ಚೆನ್ನಾಗಿತ್ತು ಅನಿಸಿತು.

ಕೊನೆಗೆ ಮರುನೀರಿನ ಮೇಲ್ಮೈ ತಾನಾಗಿಯೇ ನೆರಿಗೆ ನೆರಿಗೆಯಾಗಿ ನಡುಗಿತು. ಚೂರು ಮಿಡಿಯುತ್ತಿತ್ತು. ಇಕ್ಕಳದ ತುದಿಯಿಂದ ಆ ನಡುಕ ಅವಳ ಬೆರಳಿಗೆ ಬಂತು, ಬೆರಳಿನಿಂದ ಮೊಣಕೈಗೆ ಬಂತು. ಸದ್ದೇನೂ ಇರಲಿಲ್ಲ. ಆದರೆ ಆ ನಡುಕಕ್ಕೆ ಒಂದು ಏರಿಳಿತವಿತ್ತು, ಅದನ್ನು ಎಲ್ಲಿಯೋ ಕೇಳಿದ್ದೇನೆ ಎಂದು ಅವಳಿಗೆ ಸ್ಪಷ್ಟವಾಗಿ ಅನಿಸಿತು. ಮೈ ಜುಮ್ಮೆಂದು ತಲೆಯೆತ್ತಿದಾಗ ಗಡಿಯಾರದಲ್ಲಿ ಮಧ್ಯಾಹ್ನ ಎರಡೂವರೆ ದಾಟಿ ಐದು ನಿಮಿಷವಾಗಿತ್ತು. ಅವಳು ಗಾಬರಿಯಲ್ಲಿ ಚೂರನ್ನು ಫಾರ್ಮಲಿನ್ನಿಗೆ ಹಾಕಿದಳು. ಒಂದು ತಾಸಿನ ಕೆಲಸಕ್ಕೆ ಮೂರು ತಾಸು ನಲವತ್ತು ನಿಮಿಷ ಹೋಗಿತ್ತು.

ಮರುದಿನ ಮಧ್ಯಾಹ್ನ ಸ್ಲೈಡು ತಯಾರಾಯಿತು. ಅಷ್ಟು ಚೆಂದದ ಸ್ಲೈಡನ್ನು ಅವಳು ಜನ್ಮದಲ್ಲಿ ಮಾಡಿರಲಿಲ್ಲ. ಡಾಕ್ಟರು ನೋಡಿದರು, ಮತ್ತೆ ನೋಡಿದರು, ಕನ್ನಡಕ ತೆಗೆದು ಒರೆಸಿಕೊಂಡು ಮತ್ತೂ ಒಮ್ಮೆ ನೋಡಿದರು. ರೋಗದ ಸುಳಿವೇ ಇಲ್ಲ, ಬಂಗಾರದಂಥ ಚೂರು ಎಂದರು. ಅವರ ಮುಖದಲ್ಲಿ ಎರಡು ಸಂತೋಷಗಳು ಒಂದರ ಹಿಂದೊಂದು ಬಂದದ್ದು ಅವಳಿಗೆ ಕಂಡಿತು. ಮೊದಲನೆಯದು ಜೈಬುನ್ನಿಸಾಳದು, ಎರಡನೆಯದು ಮರುನೀರಿನದು. ತಾಸಿಗೇ ತೆಗೆದಿರಲ್ಲವೇ ಎಂದು ಸುಮ್ಮನೆ ಕೇಳಿದರು. ಅವಳು ಮತ್ತೆ ಹೂಂ ಎಂದಳು. ಎರಡನೆಯ ಹೂಂ ಮೊದಲಿನದಕ್ಕಿಂತ ಸಲೀಸಾಗಿ ಬಂತು, ಅದಕ್ಕೇ ಅವಳಿಗೆ ಹೆದರಿಕೆಯಾಯಿತು.

ಸಂಜೆ ಒಲೆಯ ಮುಂದೆ ರೊಟ್ಟಿ ಬಡಿಯುತ್ತ ಕೂತಿದ್ದಾಗ ಫಕ್ಕೀರಪ್ಪ ಬಂದ. ಬಂದವನ ಮುಖ ಅರಳಿತ್ತು. ಆಸ್ಪತ್ರೆಯ ಯಾರೋ ಬಸ್‌ಸ್ಟ್ಯಾಂಡಿಗೆ ಬಂದು ಸುದ್ದಿ ಹೇಳಿದ್ದರು, ರೋಗವಿಲ್ಲವಂತೆ, ಮುಂದಿನ ತಿಂಗಳು ಜೈಬುನಕ್ಕ ವಾಪಸು ಬರುತ್ತಾಳಂತೆ. ಡಿಪೋದಲ್ಲಿ ಚಹಾ ಹಂಚಿದರಂತೆ. ಈಗ ಅವಳ ಜಾಗದಲ್ಲಿ ಯಂತ್ರವೊಂದು ಮಾತಾಡುತ್ತದೆ, ಮುಂಡರಗಿಯನ್ನು ಮುಂದರಗಿ ಎನ್ನುತ್ತದೆ, ಒಬ್ಬ ಮುದುಕಿ ಅದನ್ನು ಕೇಳಿ ಊರೇ ಬದಲಾಯಿತೇನೋ ಎಂದು ಬಸ್ಸು ಹತ್ತಲೇ ಇಲ್ಲ ಎಂದು ನಕ್ಕ. ದಾಕ್ಷಾಯಿಣಿ ನಗಲಿಲ್ಲ. ಹಂಚಿನ ಮೇಲೆ ಉಬ್ಬಿದ ರೊಟ್ಟಿಯನ್ನು ನೋಡುತ್ತಿದ್ದಳು. ಅದು ಇಳಿದು ಹಿಟ್ಟಾಗಿ, 
ಹಿಟ್ಟು ಜೋಳವಾಗಿ, ಜೋಳ ತೆನೆಗೆ ಹತ್ತಿ ಹೊಲದಲ್ಲಿ ಹಸಿರಾಗಿ ನಿಂತಂತೆ ಕಣ್ಣಿಗೆ ಕಟ್ಟಿತು. ಬಸ್ಸುಗಳೆಲ್ಲ ಹಿಂದೆ ಹಿಂದೆ ಚಲಿಸಿ ಸ್ಟ್ಯಾಂಡಿಗೆ ಬಂದು ನಿಂತಂತೆ, ಇಳಿದವರೆಲ್ಲ ಹಿಮ್ಮುಖವಾಗಿ ಹತ್ತಿ ಕೂತಂತೆ ಕಂಡಿತು. ಅಲ್ಲಿ ಯಾರಿಗೂ ರೋಗವಿರಲಿಲ್ಲ, ಯಾರ ತಪ್ಪೂ ಇರಲಿಲ್ಲ. ಸುಟ್ಟ ವಾಸನೆ ಬಂದು ಎಚ್ಚರಾದಾಗ ರೊಟ್ಟಿ ಕರಕಲಾಗಿತ್ತು.

ಏನಾಯಿತೆಂದು ಫಕ್ಕೀರಪ್ಪ ಕೇಳಿದ. ಅವಳು ಹಂಚು ಇಳಿಸಿ ಎಲ್ಲವನ್ನೂ ಹೇಳಿದಳು, ಪ್ಲಗ್ಗಿನಿಂದ ಹಿಡಿದು ಎರಡು ಹೂಂಗಳವರೆಗೆ. ಅವನು ಕರಕಲು ರೊಟ್ಟಿಯನ್ನು ಹಂಚಿನಿಂದ ಕಿತ್ತು ಬದಿಗಿಟ್ಟ. ನಿನಗೆ ಹಾಗೆ ಕಂಡಿರಬೇಕಷ್ಟೇ ಎಂದಾನು, ಅಂದರೆ ಹಗುರಾದೀತು ಎಂದು ಅವಳು ಒಳಗೊಳಗೇ ಕಾಯುತ್ತಿದ್ದಳು.

"ನೀ ಕಂಡಿ ಅಂದ್ರ ಕಂಡಿ," ಎಂದ ಅವನು. "ಆದ್ರ ನನ್ನ ಮುಂದ ಹೇಳಿದ್ರ ಏನ್ ಬಂತು? ಆಕಿ ಮುಂದ ಹೇಳಬೇಕು."

ಮುಂಜಾನೆ ಡಾಕ್ಟರು ಬರುವ ಮೊದಲೇ ದಾಕ್ಷಾಯಿಣಿ ಅವರ ಬಾಗಿಲಲ್ಲಿ ನಿಂತಿದ್ದಳು. ಅವರು ಕುರ್ಚಿಯಲ್ಲಿ ಕೂರುವವರೆಗೂ ತಡೆದು, ಕೂತ ಕೂಡಲೇ ಶುರು ಮಾಡಿದಳು.

"ಕರೆಂಟ್ ಹೋಗಿರಲಿಲ್ರಿ ಸರ. ಪ್ಲಗ್ ಕಿತ್ತಾಕಿ ನಾನು. ಪೂಜಿ ಮಾಡಿ ಕಿತ್ತೆ. ಮತ್ತ ಚೂರು ತಾಸಿಗೆ ತಗೀಲಿಲ್ಲ. ಮೂರು ತಾಸು ನಲವತ್ತು ನಿಮಿಷ ಬಿಟ್ಟೆ. ತಾಸಿಗೆ ನೋಡಿದಾಗ ರೋಗ ಇತ್ರಿ, ಈ ಕಣ್ಣಿಲೇ ಕಂಡೇನಿ."

"ಕಂಡ ಮ್ಯಾಲ ಯಾಕ ಬಿಟ್ರಿ?"

"ಅದು ಆರಾಮ ಆಗಾಕತ್ತಿತ್ರಿ," ಎಂದಳು ಅವಳು. "ನಡುವ ನಿಲ್ಲಸಾಕ ಕೈ ಬರಲಿಲ್ಲ."

ಬೈಗುಳ ಬರುವುದೆಂದು ಅವಳು ತಲೆ ತಗ್ಗಿಸಿ ನಿಂತಳು. ಬರಲಿಲ್ಲ. ಡಾಕ್ಟರು ಎದ್ದು ಹೋಗಿ ಆ ಚೆಂದದ ಸ್ಲೈಡನ್ನು ಮತ್ತೊಮ್ಮೆ ನೋಡಿದರು. ಅದರಲ್ಲಿ ಈಗಲೂ ಏನೂ ಇರಲಿಲ್ಲ. ಹನ್ನೊಂದು ವರ್ಷ ಗುಡ್ಡ ಹತ್ತಿ ಇಳಿದು ಮಾಡಿದ ನೀರು ಎಷ್ಟು ಚೆನ್ನಾಗಿ ಕೆಲಸ ಮಾಡಿತ್ತೆಂದರೆ, ಅದು ಸುಳ್ಳು ಹೇಳಿದ್ದು ಅವರಿಗೇ ತಿಳಿದಿರಲಿಲ್ಲ. ಅವರ ದನಿ ಸಣ್ಣದಾಗಿತ್ತು.

"ನಾ ಸ್ಲೈಡಿನಾಗ ಇದ್ದದ್ದನ್ನ ಬರಿಯಾಂವ, ದಾಕ್ಷಾಯಿಣಿ. ನಿಮ್ಮ ಕಣ್ಣಾಗ ಇದ್ದದ್ದನ್ನ ಹ್ಯಾಂಗ ಬರೀಲಿ?"

ಅವರು ಟೈಪಾಗಿದ್ದ ವರದಿಯನ್ನು ನಾಲ್ಕಾಗಿ ಹರಿದರು. ಹೊಸ ಹಾಳೆಯಲ್ಲಿ, ಈ ಚೂರು ಕೆಟ್ಟಿದೆ, ಇದರಿಂದ ಏನನ್ನೂ ಹೇಳಲು ಬರುವುದಿಲ್ಲ ಎಂದು ಬರೆದರು. ಕೆಟ್ಟದ್ದು ಹೇಗೆಂಬುದನ್ನೂ ಮುಚ್ಚುಮರೆಯಿಲ್ಲದೆ ಬರೆದರು, ಹೇಳದೆ ಚೂರು ಹಾಕಿಹೋದ ತಮ್ಮ ಮರೆವನ್ನೂ ಬಿಡಲಿಲ್ಲ. ಅದರ ಕೆಳಗೆ ಮೂವತ್ತು ವರ್ಷದ ನೌಕರಿಯಲ್ಲಿ ಬರೆಯದ ಒಂದು ಸಾಲನ್ನು ಸೇರಿಸಿದರು: ತಂತ್ರಜ್ಞೆ ದಾಕ್ಷಾಯಿಣಿ ಕುಂಬಾರ ಅವರು ಮರುನೀರಿನ ಮೊದಲ ತಾಸಿನಲ್ಲಿ ಕೆಟ್ಟ ಕೋಶಗಳನ್ನು ಕಂಡಿದ್ದಾರೆ. ಸರ್ಜನ್ನರು ಫೋನಿನಲ್ಲಿ ಕೂಗಾಡಿದರು. ಒಬ್ಬ ಟೆಕ್ನಿಷಿಯನ್ನಿನ ಕಣ್ಣು ನಂಬಿ ತಂತು ಕೊಯ್ಯಬೇಕೇ ಎಂದರು. ಕೊನೆಗೆ, ರೋಗಿಗೆ ಎಲ್ಲ ಹೇಳಿರಿ, ಅವಳು ಒಪ್ಪಿ ಸಹಿ ಹಾಕಿದರೆ ಕೊಯ್ಯುತ್ತೇನೆ, ಇಲ್ಲವಾದರೆ ಮೂರು ತಿಂಗಳು ಕಾದು ನೋಡೋಣ ಎಂದು ಫೋನಿಟ್ಟರು.

ಇಲ್ಲಿ ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ, ಓದುವವರ ಜೀವ ಹಿಂಡುವುದು ನನಗೆ ಸೇರದು. ದಾಕ್ಷಾಯಿಣಿ ಕಂಡದ್ದು ನಿಜವೇ ಆಗಿತ್ತು. ಮುಂದೆ ತೆಗೆದ ತಂತುವಿನ ಒಳಮೈಯಲ್ಲಿ ಆ ದಪ್ಪ ತಲೆಯ ಕೋಶಗಳು ಅಕ್ಕಿಕಾಳಿನಷ್ಟು ಜಾಗದಲ್ಲಿ ಗುಂಪಾಗಿ ಕೂತಿದ್ದವು, ಇನ್ನೂ ಕುತ್ತಿಗೆಗೆ ಇಳಿದಿರಲಿಲ್ಲ. ಜೈಬುನ್ನಿಸಾ ಬದುಕಿದಳು, ಈಗಲೂ ಇದ್ದಾಳೆ. ಆದರೆ ಅವತ್ತು ಬುಧವಾರ ಅದು ಯಾರಿಗೂ ಗೊತ್ತಿರಲಿಲ್ಲ. ಅವತ್ತು ಇದ್ದದ್ದು ಚೊಕ್ಕ ಸ್ಲೈಡು ಒಂದು, ಅದನ್ನು ಸುಳ್ಳೆನ್ನುವ ಹೆಂಗಸು ಒಬ್ಬಳು.

ಹನ್ನೊಂದಕ್ಕೆ ಜೈಬುನ್ನಿಸಾ ವರದಿ ಒಯ್ಯಲು ಬಂದಳು. ಎತ್ತರದ ಹೆಂಗಸು, ತಲೆಯ ಮೇಲೆ ಸೆರಗು, ಕುತ್ತಿಗೆಗೆ ಉಣ್ಣೆಯ ಬಟ್ಟೆ, ಕೈಯಲ್ಲಿ ಶಾಲೆಯ ಹುಡುಗರ ಪಾಟಿ, ಬಳಪ. ಮಾತಾಡಬಾರದೆಂದು ಹೇಳಿದ್ದರಿಂದ ಆರು ದಿನದಿಂದ ಪಾಟಿಯ ಮೇಲೆಯೇ ಬರೆದು ಮಾತಾಡುತ್ತಿದ್ದಳು. ಸುದ್ದಿ ಅವಳಿಗೂ ಮುಟ್ಟಿತ್ತು, ನಗುತ್ತಲೇ ಬಂದಿದ್ದಳು. ಡಾಕ್ಟರು ಕೂರಿಸಿ ಹೇಳಿದರು. ಅವರು ಹೇಳಿ ಮುಗಿಸಿದ ಮೇಲೆ ದಾಕ್ಷಾಯಿಣಿ ತನ್ನ ಪಾಲಿನದನ್ನು ತಾನೇ ಹೇಳಿದಳು, ಹೂವಿನ ಮಾಲೆಯನ್ನೂ ಬಿಡಲಿಲ್ಲ. ಜೈಬುನ್ನಿಸಾಳ ಮುಖದಿಂದ ನಗು ಹೋಯಿತು, ಆಮೇಲೆ ಸಿಟ್ಟು ಬಂತು. ಬಳಪ ಒತ್ತಿ ಬರೆಯಹೋದಳು, ಅದು ಮುರಿಯಿತು. ಮುರಿದ ತುಂಡಿನಿಂದಲೇ ಬರೆದು ಪಾಟಿಯನ್ನು ದಾಕ್ಷಾಯಿಣಿಯ ಕಡೆ ತಿರುಗಿಸಿದಳು. ಡಾಕ್ಟರ ಕಡೆಗಲ್ಲ.

ಖರೇನ ಕಂಡ್ರಿ? ಎಂದಿತ್ತು ಪಾಟಿಯಲ್ಲಿ.

"ಕಂಡೇನ್ರಿ ಅಕ್ಕಾರ," ಎಂದಳು ದಾಕ್ಷಾಯಿಣಿ. "ಇದ್ವು. ನಾ ನೋಡನೋಡತಾನ ಹೋದ್ವು. ಚೂರಿನಾಗಿಂದ ಅಷ್ಟ ಹೋದ್ವು, ನಿಮ್ಮ ಗಂಟಲದಾಗಿಂದ ಹೋಗಿಲ್ಲ."

ಜೈಬುನ್ನಿಸಾ ಸೆರಗಿನಿಂದ ಪಾಟಿ ಒರೆಸಿದಳು. ಬಹಳ ಹೊತ್ತು ಒರೆಸಿದಳು. ಆಮೇಲೆ ಸೂಕ್ಷ್ಮದರ್ಶಕದ ಕಡೆ ಬೆರಳು ತೋರಿಸಿದಳು. ದಾಕ್ಷಾಯಿಣಿ ಸ್ಟೂಲು ಸರಿಸಿ ಕೂರಿಸಿದಳು, ಒಂದು ಕಣ್ಣು ಹೇಗೆ ಹಚ್ಚಬೇಕು, ಗುಂಡಿಯನ್ನು ಎಷ್ಟು ತಿರುವಬೇಕು ಎಂದು ತೋರಿಸಿದಳು. ಕೆಳಗೆ ತಿಳಿಗೆಂಪಿನ ಬಯಲು, ಅದರ ಅಂಚಿಗೆ ನೀಲಿ ಚುಕ್ಕೆಗಳ ಸಾಲು, ಸಾಲಿನ ಮೇಲೆ ಸಾಲು, ಒಂದೂ ತಪ್ಪಿರಲಿಲ್ಲ. ಇದೇ ನಿಮ್ಮ ದನಿಯ ಅಂಚು ಎಂದು ದಾಕ್ಷಾಯಿಣಿ ಮೆಲ್ಲಗೆ ಹೇಳಿದಳು. ಜೈಬುನ್ನಿಸಾ ಅಲುಗಾಡದೆ ನೋಡಿದಳು. ಕಣ್ಣು ತೆಗೆಯದೆಯೇ ಪಾಟಿಯ ಮೇಲೆ ಓರೆಯಾಗಿ ಬರೆದಳು. ಇದು ಯಾವಾಗಿಂದು?

ದಾಕ್ಷಾಯಿಣಿ ಬೆರಳೆಣಿಸಿದಳು. ಹತ್ತು ನಿಮಿಷಕ್ಕೆ ಒಂದು ತಿಂಗಳು, ತಾಸಿನ ಮೇಲೆ ನೂರಾ ಅರವತ್ತು ನಿಮಿಷ. ಹದಿನಾರು ತಿಂಗಳು ಹಿಂದಕ್ಕೆ, ಹೋದ ವರ್ಷದ ಕಾರಹುಣ್ಣಿಮೆಯ ಸುಮಾರಿಗೆ ಎಂದಳು.

ಜೈಬುನ್ನಿಸಾ ತಲೆಯೆತ್ತಿದಳು. ಪಾಟಿ ತುಂಬ ಬರೆದಳು, ಜಾಗ ಸಾಲದೆ ಅಂಚಿನಲ್ಲೂ ಬರೆದಳು. ಆ ಕಾರಹುಣ್ಣಿವಿ ದಿನ ಸ್ಟ್ಯಾಂಡಿನಾಗ ಕರೆಂಟ್ ಇರಲಿಲ್ಲ. ಬೆಂಚ್ ಮ್ಯಾಲ ನಿಂತು ಬರೇ ಬಾಯಿಲೇ ಕೂಗಿದ್ದೆ, ಮುಂಜಾನಿಂದ ಸಂಜೀತನ. ಒಬ್ಬರದೂ ಬಸ್ ತಪ್ಪಲಿಲ್ಲ.

ಅದನ್ನು ಓದುವಾಗ ದಾಕ್ಷಾಯಿಣಿಗೆ ಕಣ್ಣು ತುಂಬಿ ಬಂದು ಅಕ್ಷರ ಕಾಣದಾಯಿತು. ಡಾಕ್ಟರು ಸಹಿಯ ಹಾಳೆಯನ್ನು ಮೇಜಿನ ಮೇಲಿಟ್ಟು, ಅವಸರವಿಲ್ಲ, ಮನೆಯಲ್ಲಿ ಕೇಳಿ ಬನ್ನಿರಿ ಎಂದರು. ಜೈಬುನ್ನಿಸಾ ಕೇಳಿಸಿಕೊಂಡಂತೆ ಕಾಣಲಿಲ್ಲ. ಮತ್ತೊಮ್ಮೆ ಬಗ್ಗಿ, ಆ ಸಾಲುಗಳನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದಳು. ಆಮೇಲೆ ತಾನೇ ಕೈ ಹಾಕಿ ಸ್ಲೈಡನ್ನು ಮೆಲ್ಲಗೆ ಎಳೆದು ಅಂಗೈ ಮೇಲಿಟ್ಟುಕೊಂಡಳು. ಪಾಟಿಯನ್ನು ಬದಿಗೆ ಸರಿಸಿದಳು. ಆರು ದಿನ ಬಾಯಿ ಬಿಡದಿದ್ದವಳು ಒಡೆದ, ಒರಟು ದನಿಯಲ್ಲಿ ಮಾತಾಡಿದಳು.

"ಇದನ್ನ ನನಗ ಕೊಡ್ರಿ," ಎಂದಳು. "ಉಳಿದದ್ದನ್ನ ಕೊಯ್ಕೋರಿ."